ಬಾಸಿಲಿಯಾ ಆರಿಸಿ ತಂದ ಜೀಪು

ನಲವತ್ತು ಮನೆಗಳು ಕೂಡಿ ಕೊಳ್ಳುವ ಜೀಪನ್ನು ಆರಿಸಿ ತರಲು ಯಾರು ಹೋಗುತ್ತೀರಿ ಎಂದು ಊರ ಯಜಮಾನ ಫೋರ್ತುನಾತೊ ಸಭೆಯಲ್ಲಿ ಕೇಳಿದಾಗ ವಿಲಾಕೋಯೊದ ಗಂಡಸರೆಲ್ಲ ಕೋಕಾ ಎಲೆ ಜಗಿಯುತ್ತಾ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಬೇರೆ ದಿನ ಜೀಪಿನ ಮಾತು ಬಂದರೆ ಸಾಕು, ಎಂಜಿನ್ನನ್ನು ಬಾಯಲ್ಲೇ ಬಿಚ್ಚಿ ಬಾಯಲ್ಲೇ ಜೋಡಿಸಿಬಿಡುವ ಶೂರರು ಇವರು. ಆವತ್ತು ಮಾತ್ರ ಒಬ್ಬರೂ ಏಳಲಿಲ್ಲ. ಹಿಂದಿನ ಸಲ ಆರಿಸಿ ತಂದವನ ಪಾಡು ಎಲ್ಲರ ಕಣ್ಣ ಮುಂದೆಯೇ ಇತ್ತು. ಆ ಸೆಲೆಸ್ತಿನೋ ಬಾಗಿಲ ಹತ್ತಿರ, ಅರ್ಧ ಒಳಗೆ ಅರ್ಧ ಹೊರಗೆ ಎಂಬಂತೆ ಕೂತಿದ್ದ.

ಹೆಂಗಸರ ಕಡೆಯಿಂದ ಅವನ ಹೆಂಡತಿ ಬಾಸಿಲಿಯಾ ಎದ್ದಳು.

“ನಾನು ಹೋಗ್ತೀನಿ. ಇವನನ್ನೂ ಕರ್ಕೊಂಡು ಹೋಗ್ತೀನಿ.”

ಯಾರೋ ಕಿಸಕ್ಕನೆ ನಕ್ಕರು. “ಒಂದೇ ಮನೆಯೋರು ಎರಡೆರಡು ಸಲ ಊರು ಮುಳುಗಿಸ್ಬೇಕಾ?”

“ಹಾಗಾದ್ರೆ ನೀನು ಹೋಗು. ಎದ್ದೇಳು, ನೋಡೋಣ.”

ನಕ್ಕವನು ಏಳಲಿಲ್ಲ. ಹಾಗಾಗಿ ಬಾಸಿಲಿಯಾಳೇ ಹೋಗುವುದೆಂದು ತೀರ್ಮಾನವಾಯಿತು.

ಸೆಲೆಸ್ತಿನೋ ಮಾಡಿದ ತಪ್ಪು ನಮ್ಮ ಜನ ಮಾತ್ರ ಮಾಡಬಹುದಾದ ತಪ್ಪು. ನಮ್ಮಲ್ಲಿ ಹೊಸ ಗಾಡಿ ಕೊಂಡರೆ ಅದರ ನಾಲ್ಕು ಚಕ್ರಕ್ಕೂ ಮೂತಿಗೂ ಬಿಯರ್ ಸುರಿದು, ಭೂಮಿತಾಯಿ ಪಾಚಮಾಮಾಳಿಗೆ ನಾಲ್ಕು ಹನಿ ಬಿಟ್ಟು, ಬಣ್ಣದ ಕಾಗದ ಸುತ್ತುತ್ತೇವೆ. ಒಮ್ಮೆ ಸುರಿದಾಯಿತೆಂದರೆ ಗಾಡಿ ನಿನ್ನದು. ಮರುದಿನ ಬೆಳಿಗ್ಗೆ ಚಕ್ರ ಕಳಚಿ ಬಿದ್ದರೂ ವಾಪಸ್ ಕೊಡುವ ಹಾಗಿಲ್ಲ. ತಾಯಿಯನ್ನು ಸಾಕ್ಷಿಗೆ ಕರೆದಾದ ಮೇಲೆ ಯಾರು ತಾನೇ ಮಾತು ತಿರುಗಿಸುತ್ತಾರೆ? ಹಳೆ ಗಾಡಿ ಮಾರುವ ಎಲ್ ಆಲ್ತೊ ಸಂತೆಯ ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು. ಕೊಳ್ಳುವವನ ಕಣ್ಣು ಅರಳಿದ್ದೇ ತಡ, ಬಾಟಲಿ ತೆರೆದು ಕೈಗೆ ಕೊಟ್ಟುಬಿಡುತ್ತಾರೆ. ಸೆಲೆಸ್ತಿನೋ ಸಂತೋಷದಲ್ಲಿ ಸುರಿದೇಬಿಟ್ಟ. ಬಗ್ಗಿ ಗಾಡಿಯ ಹೊಟ್ಟೆ ನೋಡಿದ್ದು ಆಮೇಲೆ.

ಹನ್ನೊಂದು ತಿಂಗಳಿಗೆ ಆ ಜೀಪಿನ ಭಾರವನ್ನೆಲ್ಲ ಹೊರುವ ಅಡಿತೊಲೆ ತುಕ್ಕು ತಿಂದು ಉಪ್ಪಿನ ಬಯಲಿನ ನಟ್ಟನಡುವೆ ಮುರಿದು ಬಿತ್ತು. ಒಳಗೆ ಊರಿನ ಹಿರಿಯ ಮುದುಕಿ ದೋನ್ಯಾ ಇರೆನಿಯಾ ಇದ್ದಳು, ಕಾಲಿಗೆ ಕೀವಾಗಿ ಜ್ವರ ಏರಿತ್ತು, ಸೆಲೆಸ್ತಿನೋ ಅವಳನ್ನು ಉಯುನಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ನಾಲ್ಕು ಜನ ಸರದಿಯಲ್ಲಿ ಅವಳನ್ನು ಬೆನ್ನ ಮೇಲೆ ಹೊತ್ತು ಒಂಬತ್ತು ಗಂಟೆ ನಡೆದರು. ಜೀವ ಉಳಿಯಿತು. ಕಾಲು ಮಂಡಿಯ ತನಕ ಹೋಯಿತು.

ಮುದುಕಿ ಬೈದಿದ್ದರೆ ಸೆಲೆಸ್ತಿನೋ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಶಾಲೆಯ ಗೋಡೆಗೆ ಒರಗಿ ಬಿಸಿಲು ಕಾಯುತ್ತಾ ಹೋಗಿ ಬರುವವರನ್ನೆಲ್ಲ ಮಾತಾಡಿಸುವಳು; ಇವನು ಬಂದರೆ ಮಾತ್ರ ಹೆಣಿಗೆಯ ಮೇಲೆ ಕಣ್ಣಿಡುವಳು. ಅಂದಿನಿಂದ ಅವನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಈ ಸಲದ ಜೀಪೂ ಕೈಕೊಟ್ಟರೆ ಮುಂದಿನ ಸಲ ಹೋಗುವುದು ಕಾಲಲ್ಲ, ಜೀವ ಎಂದು ಬಾಸಿಲಿಯಾಳಿಗೆ ಗೊತ್ತಿತ್ತು. ಗಂಡನ ಜೀವವೂ ಆ ಲೆಕ್ಕದಲ್ಲಿ ಇತ್ತು.

ಅವಳಿಗೆ ಜೀಪಿನ ವಿಷಯ ಏನು ಗೊತ್ತು ಎಂದು ಕೇಳುವವರಿದ್ದರು. ಹದಿನೇಳನೆಯ ವಯಸ್ಸಿನಿಂದ ಇಪ್ಪತ್ತೆರಡು ವರ್ಷ ಅವಳು ಪ್ರವಾಸಿಗರ ಜೀಪುಗಳಲ್ಲಿ ಅಡುಗೆಯವಳಾಗಿ ತಿರುಗಿದವಳು. ಹಿಂದಿನ ಸೀಟಿನಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಮುದುಡಿಕೊಂಡು ಕೂತು ಉಪ್ಪು, ಮರಳು, ಹೊಳೆ, ಜ್ವಾಲಾಮುಖಿಯ ಕಲ್ಲು ಎಲ್ಲ ದಾಟಿದ್ದಾಳೆ. ಗಾಡಿ ಹೂತರೆ ಮೊದಲು ಇಳಿದು ಅಗೆಯುವವಳು ಅಡುಗೆಯವಳೇ. ಡ್ರೈವರ್ ರಿಪೇರಿಗೆ ಇಳಿದರೆ ಪಕ್ಕದಲ್ಲಿ ಅಂಗಾತ ಮಲಗಿ ಟಾರ್ಚು ಹಿಡಿಯುವವಳೂ ಅವಳೇ. ಡ್ರೈವರ್ ತೂಕಡಿಸಿದರೆ ಸ್ಟಿಯರಿಂಗ್ ಹಿಡಿದದ್ದೂ ಉಂಟು. ಗಂಡಸರು ಜೀಪನ್ನು ಸೀಟಿನ ಮೇಲಿಂದ ಬಲ್ಲರು, ಇವಳು ಕೆಳಗಿನಿಂದ ಬಲ್ಲವಳು.

ಹೊರಡುವ ದಿನ ಫೋರ್ತುನಾತೊ ಬೇಡಿಕೆಯ ಪಟ್ಟಿ ತಂದ. “ಟೀವಿ ತರಹದ್ದು ಒಂದು ಇರ್ಬೇಕು ನೋಡು ಬಾಸಿಲಿಯಾ. ಹಿಂದೆ ನೋಡೋ ಕ್ಯಾಮೆರಾನೂ ಇರ್ಲಿ. ಪಕ್ಕದೂರಿನೋರ ಗಾಡೀಲಿ ಇದೆ.”

“ಹಿಂದೆ ನೋಡೋಕೆ ಕನ್ನಡಿ ಇರತ್ತೆ ಯಜಮಾನ್ರೇ. ಅದೂ ಸಾಲ್ದಿದ್ರೆ ದೇವರು ಕತ್ತು ಕೊಟ್ಟಿದಾನೆ.”

ಅವಳ ಪಟ್ಟಿ ಬೇರೆಯೇ ಇತ್ತು, ಅದು ಕಾಗದದ ಮೇಲೆ ಇರಲಿಲ್ಲ. ಗುರುವಾರದ ಸಂತೆಗೆ ಕೀನ್ವಾ ಧಾನ್ಯದ ಮೂಟೆ, ಕುರಿ, ಎಂಟು ಜನ ಹೊರಬೇಕು. ದಿನಾ ಶಾಲೆ ಮಕ್ಕಳನ್ನು ಬಿಟ್ಟು ಬರಬೇಕು. ನೀರು ಹೆಪ್ಪುಗಟ್ಟುವ ಬೆಳಗಿನಲ್ಲೂ ಮೊದಲ ಸಲಕ್ಕೇ ಶುರುವಾಗಬೇಕು, ಅದಕ್ಕೆ ಡೀಸೆಲ್ ಬೇಡ, ಪೆಟ್ರೋಲೇ ಸರಿ. ಕೆಸರಿನಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ಎಳೆಯಬೇಕು. ಕೆಟ್ಟರೆ ಉಯುನಿಯ ಯಾವ ಗುಜರಿಯಲ್ಲಾದರೂ ಬಿಡಿಭಾಗ ಸಿಗಬೇಕು, ಸಿಗದಿದ್ದರೆ ತಂತಿ ಕಟ್ಟಿಯಾದರೂ ಮನೆ ಮುಟ್ಟುವಂತಿರಬೇಕು. ಕಂಪ್ಯೂಟರ್ ಕೇಳುವ ಗಾಡಿಗೆ ಉಪ್ಪಿನ ಬಯಲಿನಲ್ಲಿ ಯಾರು ಉತ್ತರ ಹೇಳುತ್ತಾರೆ?

ಎಲ್ ಆಲ್ತೊ ಸಂತೆಯಲ್ಲಿ ಮೊದಲ ಅರ್ಧ ದಿನ ಬಗ್ಗುವುದರಲ್ಲೇ ಕಳೆಯಿತು. ಜಪಾನಿನಿಂದ ಬಂದು ಸ್ಟಿಯರಿಂಗನ್ನು ಬಲದಿಂದ ಎಡಕ್ಕೆ ಕಿತ್ತು ಕೂರಿಸಿದ ಒಂದು ಗಾಡಿಯನ್ನು ಹತ್ತಿರದಿಂದ ನೋಡುವ ಮೊದಲೇ ಬಿಟ್ಟಳು. ಇನ್ನೊಂದರ ಎಂಜಿನ್ ಏರು ಹತ್ತುವಾಗ ಕ್ಷಯದವನ ಹಾಗೆ ಕೆಮ್ಮಿತು. ಸೆಲೆಸ್ತಿನೋ ಹಿಂದೆ ಹಿಂದೆ ಬರುತ್ತಿದ್ದ. ಆಮೇಲೆ ಆ ಬಿಳಿ ಜೀಪು ಕಾಣಿಸಿತು. ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಚರ್ಮದ ಸೀಟು, ಟೀವಿ, ಕ್ಯಾಮೆರಾ, ಫೋರ್ತುನಾತೊ ಬೇಡಿದ್ದೆಲ್ಲ ಇತ್ತು. ಬೆಲೆಯೂ ಅವರ ಕೈಗೆಟುಕುವಷ್ಟೇ. ಸೆಲೆಸ್ತಿನೋ ಎರಡು ವರ್ಷದಲ್ಲಿ ಮೊದಲ ಸಲ ಒಂದು ಗಾಡಿಯನ್ನು ಸವರಿ ನೋಡಿದ.

“ಬಾಸೀ, ಇದು ಪರವಾಗಿಲ್ಲ ಅನ್ಸತ್ತೆ ಕಣೇ.”

ವ್ಯಾಪಾರಿ ವಾಲ್ತೇರ್‌ಗೆ ಅಷ್ಟೇ ಸಾಕಾಯಿತು. ಹಲ್ಲು ಕಿರಿಯುತ್ತಾ ಬಾಟಲಿ ತಂದ. “ಬನ್ನಿ ಅಕ್ಕಾ, ಬನ್ನಿ ಅಣ್ಣಾ! ಲಾ ಪಾಸ್‌ನಲ್ಲಿ ಒಬ್ಬ ಡಾಕ್ಟರ್ ಹೆಂಡತಿ ಓಡಿಸ್ತಿದ್ದ ಗಾಡಿ. ಮಾರ್ಕೆಟ್ಟಿಗೆ ಹೋಗಿ ಮನೆಗೆ ಬಂದಿದ್ದು ಬಿಟ್ರೆ ಬೇರೇನೂ ಕಂಡಿಲ್ಲ. ಹಿಡೀರಿ, ತಾಯಿ ಹೆಸರಲ್ಲಿ ಸುರೀರಿ!”

“ಬಾಟ್ಲಿ ಕೆಳಗಿಡಪ್ಪ,” ಅಂದಳು ಬಾಸಿಲಿಯಾ.

ಟೋಪಿ ತೆಗೆದು ಗಂಡನ ಕೈಗೆ ಕೊಟ್ಟು, ಅಗಲವಾದ ಲಂಗವನ್ನು ಕಾಲಸಂದಿಗೆ ಸಿಕ್ಕಿಸಿ, ಧೂಳಿನಲ್ಲಿ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿದಳು. ಸುತ್ತ ಜನ ಸೇರಿತು. ಹುರಿದ ಮಾಂಸ ಮಾರುವವಳು ಒಲೆ ಬಿಟ್ಟು ಬಂದಳು. “ಏನಕ್ಕಾ, ಒಳಗೆ ಗಂಡನ್ನ ಬಚ್ಚಿಟ್ಟಿದಾರಾ?” ಎಂದು ಯಾರೋ ಕೂಗಿದರು. ಬಾಸಿಲಿಯಾ ಶಾಲಿನ ಪಿನ್ನು ಕಿತ್ತು ಅಡಿತೊಲೆಯ ಹೊಸ ಕಪ್ಪು ಬಣ್ಣವನ್ನು ಕೆರೆದಳು. ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ತೊಲೆಯ ತೂತಿನೊಳಗೆ ಪಿನ್ನು ಆಡಿಸಿ, ಅಂಗೈಗೆ ಉದುರಿದ ಪುಡಿಯನ್ನು ನಾಲಿಗೆಗೆ ಹಚ್ಚಿ, ಉಗುಳಿ, ಹೊರಗೆ ಬಂದಳು.

“ಡಾಕ್ಟರ್ ಹೆಂಡ್ತಿ ಯಾವ ಮಾರ್ಕೆಟ್ಟಿಗೆ ಹೋಗ್ತಿದ್ಲಪ್ಪಾ?” ಎಂದಳು. “ಉಪ್ಪಿನ ಬಯಲಿನ ಮಧ್ಯದಲ್ಲಿ ಯಾವ ಮಾರ್ಕೆಟ್ಟೂ ನಾನು ಕಂಡಿಲ್ಲ. ಕೆಳಗೆಲ್ಲ ಉಪ್ಪು ತಿಂದು ಹಾಕಿದೆ.”

ಜನ ಹೋ ಎಂದು ನಕ್ಕಿತು. ವಾಲ್ತೇರ್‌ನ ಮುಖ ಕಪ್ಪಿಟ್ಟಿತು. “ಮುಹೂರ್ತದ ಬಾಟ್ಲಿ ತೆಗೆದಾಯ್ತು. ಸುರೀದೆ ಹೋದ್ರೆ ತಾಯಿ ಸುಮ್ನಿರಲ್ಲ, ನೆನಪಿಟ್ಕೋ!” ಎಂದು ಹೆದರಿಸಿದ.

ಬಾಸಿಲಿಯಾಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅವಳು ತಾಯಿಯನ್ನು ನಂಬದವಳಲ್ಲ. ಮನೆಯಲ್ಲಿ ನೀರು ಕುಡಿದರೂ ಮೊದಲ ಹನಿ ನೆಲಕ್ಕೆ ಬಿಡುವವಳು. ಬಗ್ಗಿ ನೆಲ ಮುಟ್ಟಿದಳು. “ತಾಯೀ, ಸ್ವಲ್ಪ ತಾಳು. ಮೋಸದ ಗಾಡಿಗೆ ನಿನ್ನನ್ನ ಸಾಕ್ಷಿ ಕರೆಯಲ್ಲ. ಒಂದ್ಸಲ ಕರೆದಿದ್ದೇ ಸಾಕು,” ಎಂದು ಎಲ್ಲರಿಗೂ ಕೇಳುವಂತೆಯೇ ಹೇಳಿ ಎದ್ದು ನಡೆದಳು. ಸೆಲೆಸ್ತಿನೋ ಅವಳ ಟೋಪಿ ಹಿಡಿದುಕೊಂಡು ಹಿಂದೆ ಓಡಿದ.

ಸಂತೆಯ ಕೊನೆಯಲ್ಲಿ, ಹಳೆ ಟೈರುಗಳ ಪಕ್ಕ, ಒಂದು ಹಸಿರು ಜೀಪು ನಿಂತಿತ್ತು. ಬಾಗಿಲು ನಗ್ಗಿತ್ತು, ಸೀಟು ಹರಿದಿತ್ತು. ಗಣಿಯಲ್ಲಿ ಮೂವತ್ತು ವರ್ಷ ಡ್ರೈವರಾಗಿದ್ದ ಎರ್ಮೋಹೆನೆಸ್ ಎಂಬ ಮುದುಕ ಅದರ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸಾರು ಕುಡಿಯುತ್ತಿದ್ದ. ಬನ್ನಿ ಎನ್ನಲಿಲ್ಲ, ಏಳಲೂ ಇಲ್ಲ. ಬಾಸಿಲಿಯಾ ಕೆಳಗೆ ತೂರಿ ಪುಡಿ ನಾಲಿಗೆಗೆ ಹಚ್ಚಿದಾಗ ಮಾತ್ರ ರೇಗಿದ.

“ಏನಮ್ಮಾ, ಸಾರಿನ ರುಚಿ ನೋಡ್ದಂಗೆ ನೋಡ್ತಿದೀಯ?”

“ಅಡುಗೆಯೋಳು ನಾನು. ಇನ್ನೇನು ಮಾಡ್ಲಿ?” ಕೆಳಗಿನಿಂದಲೇ ಉತ್ತರ ಬಂತು. “ಉಪ್ಪಿಲ್ಲ, ಬರೀ ಮಣ್ಣು ತಾತಾ. ಒಳ್ಳೇ ಮಣ್ಣು.”

ತೊಲೆ ಗಟ್ಟಿಯಾಗಿತ್ತು. ಅವಳು ಸುತ್ತ ಇದ್ದ ಎಂಟು ಹೆಂಗಸರನ್ನು ಮೂಟೆಗಳ ಸಮೇತ ಹತ್ತಿಸಿಕೊಂಡು, ತಾನೇ ಓಡಿಸುತ್ತಾ, ಕೊರಕಲು ಬಿದ್ದ ಇಳಿಜಾರಿನಲ್ಲಿ ಇಳಿದು, ಮತ್ತೆ ಹತ್ತಿ ಬಂದಳು. ಹೆಂಗಸರು ಕಿರುಚಿದರು, ಗಾಡಿ ಕಿರುಚಲಿಲ್ಲ. ಹಿಂದಿನ ಸ್ಪ್ರಿಂಗ್ ಒಂದು ಸೋತಿರುವುದನ್ನು ಅವಳೇ ಕಂಡುಹಿಡಿದಳು. ಮುದುಕ ಗೊಣಗಿಕೊಂಡೇ ಅದನ್ನು ಬದಲಿಸಿಕೊಟ್ಟ.

“ಈಗ ಬಿಯರ್ ಸುರಿಯಲ್ಲ,” ಎಂದಳು. “ಊರಿಗೆ ಒಯ್ದು, ನಮ್ಮ ದಾರೀಲಿ ಓಡಿಸಿ, ಆಮೇಲೆ. ಎಂಟು ದಿನದಲ್ಲಿ ಒಣ ಚಕ್ರದಲ್ಲಿ ವಾಪಸ್ ಬಂದ್ರೆ ಗಾಡಿ ತಗೋಬೇಕು ನೀವು.”

“ಬೇಕಾದ್ರೆ ಎಂಬತ್ತು ದಿನ ತಗೋ,” ಎಂದ ಮುದುಕ. ಸಾರಿನ ಬಟ್ಟಲು ಒರೆಸಿಟ್ಟು ಒಮ್ಮೆ ಜೀಪಿನ ಮೂತಿ ತಟ್ಟಿದ. “ಬೆಳಿಗ್ಗೆ ಬೆಳಿಗ್ಗೆ ಬೈಬೇಡ. ಬೈದ್ರೆ ಶುರುವಾಗಲ್ಲ ಇದು.”

ಎರಡು ದಿನದ ದಾರಿಯುದ್ದಕ್ಕೂ ಒಂದು ಹನಿ ಬಿಯರೂ ಸುರಿಯದ ಗಾಡಿಯನ್ನು ಬಾಸಿಲಿಯಾ ಸ್ಟಿಯರಿಂಗ್ ಬಿಗಿಹಿಡಿದೇ ಓಡಿಸಿದಳು. ಪ್ರತಿ ತಿರುವಿನಲ್ಲೂ ತಾಯಿಯ ಹತ್ತಿರ ಇನ್ನೊಂದು ಘಳಿಗೆ ಸಾಲ ಕೇಳಿದಳು. ಸೆಲೆಸ್ತಿನೋನನ್ನು ಓಡಿಸು ಎಂದು ಕೇಳಿದರೆ ಅವನು ಕಿಟಕಿಯ ಕಡೆ ತಿರುಗುತ್ತಿದ್ದ.

ವಿಲಾಕೋಯೊದಲ್ಲಿ ಊರಿಗೆ ಊರೇ ಬಾಟಲಿ, ಬಣ್ಣದ ಕಾಗದ ಹಿಡಿದು ಕಾಯುತ್ತಿತ್ತು. ಜೀಪು ಕಂಡದ್ದೇ ಫೋರ್ತುನಾತೊನ ಮುಖ ಇಳಿಯಿತು.

“ಇದೇನೇ ಇದು? ಕಪ್ಪೆ ಹಿಡ್ಕೊಂಡು ಬಂದಿದೀಯ!”

“ಕಪ್ಪೆ ಕೆಸರಲ್ಲಿ ಹೂತಿದ್ದು ನೋಡಿದೀರಾ ಯಾವತ್ತಾದ್ರೂ?” ಎಂದಳು ಬಾಸಿಲಿಯಾ. “ಯಾರೂ ಸುರೀಬೇಡಿ. ನಾಳೆ ತುಂಬಿದ ಗಾಡಿ ಉಯುನಿಗೆ ಹೋಗಿ ಬರ್ಲಿ. ಬಂದ್ರೆ ಸುರೀರಿ, ಇಲ್ದಿದ್ರೆ ನಾನೇ ವಾಪಸ್ ಒಯ್ತೀನಿ.”

ಮಳೆಗಾಲ, ಉಪ್ಪಿನ ಮೇಲೆ ಗೇಣುದ್ದ ನೀರು, ದಡದಲ್ಲಿ ಮೊಣಕಾಲುದ್ದ ಕೆಸರು. ಬೆಳಿಗ್ಗೆ ಬಾಸಿಲಿಯಾ ಉಪ್ಪು ಹಿಡಿಯದಂತೆ ಗಾಡಿಯ ಹೊಟ್ಟೆಗೆಲ್ಲ ಹಳೆ ಎಣ್ಣೆ ಬಳಿದು, ಹಿಂದೆ ಮೂಟೆ ತುಂಬಿಸಿ, ಸ್ಟಿಯರಿಂಗ್ ಮುಂದೆ ಕೂತಳು. ಅಷ್ಟರಲ್ಲಿ ಊರುಗೋಲಿನ ಸದ್ದು ಕೇಳಿಸಿತು. ದೋನ್ಯಾ ಇರೆನಿಯಾ ಬಂದವಳೇ ಮುಂದಿನ ಬಾಗಿಲು ತೆರೆದು, ಯಾರ ಕೈಯನ್ನೂ ಹಿಡಿಯದೆ, ಕಷ್ಟಪಟ್ಟು ಹತ್ತಿ ಕೂತಳು.

“ಬಾಸಿಲಿಯಾ, ನೀನು ಹಿಂದೆ ಹೋಗು,” ಎಂದಳು. “ಅವನನ್ನ ಕರಿ.”

“ಅಜ್ಜೀ, ಅವನು ಓಡಿಸಲ್ಲ...”

“ಆವತ್ತು ನನ್ನನ್ನ ಅರ್ಧ ದಾರಿ ಕರ್ಕೊಂಡು ಹೋದೋನು ಅವನು. ಇವತ್ತು ಪೂರ್ತಿ ಕರ್ಕೊಂಡು ಹೋಗ್ಲಿ.”

ಎರಡು ವರ್ಷದಲ್ಲಿ ಮುದುಕಿ ಅವನ ವಿಷಯವಾಗಿ ಆಡಿದ ಮೊದಲ ಮಾತು ಅದು. ಸೆಲೆಸ್ತಿನೋ ಬಂದ. ಹತ್ತಿದ. ಎರಡು ಸಲ ಕೀ ಕೈಜಾರಿತು. ಮೂರನೆಯ ಸಲ ಎಂಜಿನ್ ಹಿಡಿಯಿತು.

ದಡದ ಕೆಸರಿನಲ್ಲಿ ಗಾಡಿ ಅಚ್ಚಿನ ತನಕ ಇಳಿಯಿತು. ಬಾಸಿಲಿಯಾ ಹಿಂದೆ ಜಾರುತ್ತಿದ್ದ ಮೂಟೆಗಳನ್ನು ಒತ್ತಿ ಹಿಡಿದಳು. ಅವನು ನಾಲ್ಕೂ ಚಕ್ರ ಜೋಡಿಸಿ, ಚಿಕ್ಕ ಗೇರು ಹಾಕಿ, ಅವಸರ ಮಾಡದೆ ಎಳೆಸಿದ. ಹಸಿರು ಜೀಪು ಗುರುಗುಡುತ್ತಾ ಎದ್ದು ಉಪ್ಪಿನ ಮೇಲೆ ಹತ್ತಿತು. ಮುಂದೆ ಕೆಳಗೂ ಆಕಾಶ, ಮೇಲೂ ಆಕಾಶ. ಬಯಲಿನ ನಡುವೆ ಒಂದು ಕಡೆ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಯಾವ ಜಾಗ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನ ಕೆನ್ನೆ ಒದ್ದೆಯಾಗಿತ್ತು.

“ಅಳೋದಾದ್ರೆ ಆಮೇಲೆ ಅಳು,” ಎಂದಳು ಇರೆನಿಯಾ, ಮುಂದೆ ನೋಡುತ್ತಲೇ. “ಈಗ ದಾರಿ ಕಾಣ್ಬೇಕು. ಹೊಡಿ.”

ಅವನು ಹೊಡೆದ. ಉಯುನಿ ಮುಟ್ಟಿ, ಮಾರುಕಟ್ಟೆ ದಾಟಿ, ಆಸ್ಪತ್ರೆಯ ಬಾಗಿಲ ಮುಂದೆ ನಿಲ್ಲಿಸಿದ. ಹೊರಟು ಎರಡು ಗಂಟೆಯೂ ಆಗಿರಲಿಲ್ಲ. ಮುದುಕಿ ಇಳಿಯಲಿಲ್ಲ. ಆ ಬಾಗಿಲನ್ನೂ, ತನ್ನ ಮಡಿಲಿನ ಕೆಳಗೆ ಖಾಲಿ ಬಿದ್ದಿದ್ದ ಲಂಗವನ್ನೂ ನೋಡಿದಳು.

“ಇಷ್ಟೇ ದೂರಾನಾ?” ಎಂದಳು.

ಸೆಲೆಸ್ತಿನೋ ಎಂಜಿನ್ ಆರಿಸಿದ. ಇರೆನಿಯಾ ಅವನ ಕಡೆ ತಿರುಗಿ, ಕೈ ಎತ್ತಿ, ಅವನ ಬೆನ್ನ ಮೇಲೆ ಇಟ್ಟಳು.

“ಈಗ ಅಳು,” ಎಂದಳು. “ಗಾಡಿ ನಿಂತಿದೆ.”