ಗುಡಿ ದಿನದ ಗುಳಿಗೆ

ಕೋವಿಡ್ ವಾರ್ಡುಗಳು ಮುಚ್ಚಿ, ಆಸ್ಪತ್ರೆಗಳು ಮತ್ತೆ ಮಾಮೂಲಿ ಗದ್ದಲಕ್ಕೆ ಮರಳಿದ್ದ ಕಾಲ. ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ಹಿರಿಯ ಫಾರ್ಮಸಿಸ್ಟ್ ಆಗಿದ್ದೆ. ಫಾರ್ಮಸಿಸ್ಟ್ ಎಂದರೆ ಚೀಟಿ ನೋಡಿ ಗುಳಿಗೆ ಎಣಿಸಿ ಕೊಡುವವಳು ಎಂದು ಊರೆಲ್ಲ ತಿಳಿದಿದೆ. ಐವಾನ್-ಎ-ಶಾಹಿಯ ನಮ್ಮ ಓಣಿಯಲ್ಲಂತೂ ಎದುರು ಸಿಕ್ಕವರು ನಮಸ್ಕಾರಕ್ಕಿಂತ ಮೊದಲು ಡಿಸ್ಕೌಂಟ್ ಕೇಳುತ್ತಿದ್ದರು. ವೈದ್ಯರು ಬರೆದ ಪ್ರಮಾಣ ಸರಿಯೇ, ಒಂದು ಔಷಧ ಇನ್ನೊಂದರ ಜೊತೆ ಜಗಳವಾಡುವುದೇ, ರೋಗಿ ಮನೆಯಲ್ಲಿ ಏನೇನು ನುಂಗಿ ಬಂದಿದ್ದಾರೆ, ಇವನ್ನೆಲ್ಲ ನೋಡುವುದು ನಮ್ಮ ನಿಜವಾದ ಕೆಲಸ. ಅದಕ್ಕಾಗಿ ದಿನಕ್ಕೊಮ್ಮೆ ವಾರ್ಡುಗಳನ್ನು ಸುತ್ತುತ್ತಿದ್ದೆ. ಕೆಲವು ವೈದ್ಯರಿಗೆ ಅದು ಹಿಡಿಸುತ್ತಿರಲಿಲ್ಲ, ನಾನೂ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಶಾಂತಾಬಾಯಿ ಕಮಲಾಪುರದವರು. ವಯಸ್ಸು ಐವತ್ತು ದಾಟಿತ್ತು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವರ ಕಸುಬು. ಕೀಲುಗಳು ಬಾತು ಬಿಗಿಯುವ ರುಮಟಾಯ್ಡ್ ಆರ್ಥ್ರೈಟಿಸ್ ಬಂದು ಬೆರಳು ಮಡಚಲಾಗದೆ ಕಸುಬು ನಿಂತಿತ್ತು. ಗಂಡ ಚಂದ್ರಶಾ ಆಕೆಯನ್ನು ಬಸ್ಸು ಹತ್ತಿಸಿಕೊಂಡು ನಮ್ಮಲ್ಲಿಗೆ ಕರೆತಂದರು. ವೈದ್ಯರು ಮೆಥೊಟ್ರೆಕ್ಸೇಟ್ ಬರೆದರು.

ಈ ಗುಳಿಗೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೈಯ ರೋಗನಿರೋಧಕ ಶಕ್ತಿ ದಾರಿ ತಪ್ಪಿ ತನ್ನ ಕೀಲುಗಳನ್ನೇ ತಿನ್ನತೊಡಗಿದಾಗ ಅದನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಔಷಧ ಇದು. ಆದರೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಮೂಳೆಯೊಳಗೆ ರಕ್ತ ತಯಾರಾಗುವ ಕೆಲಸವೇ ನಿಂತುಹೋಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ನಮ್ಮಲ್ಲಿ ಹೋಳಿಗೆ ಬಡಿಸುವಾಗ ತಮಾಷೆಗೆ ಆಡುತ್ತಾರೆ. ಈ ಗುಳಿಗೆಯ ವಿಷಯದಲ್ಲಿ ಅದು ತಮಾಷೆಯಲ್ಲ. ಇದರ ಉಪಟಳದಿಂದ ಮೈಯನ್ನು ಕಾಯಲೆಂದು ವಾರದ ಉಳಿದ ದಿನಗಳಲ್ಲಿ ಫೋಲಿಕ್ ಆಸಿಡ್ ಎಂಬ ಇನ್ನೊಂದು ಗುಳಿಗೆ ಕೊಡುತ್ತೇವೆ.

ಔಷಧ ಕೊಡುವ ಕಿಟಕಿಯಲ್ಲಿ ಎರಡು ಪೊಟ್ಟಣ ಬೇರೆ ಬೇರೆ ಮಾಡಿ ನಾನೇ ವಿವರಿಸಿದೆ. ಇದು ಸೋಮವಾರ ಮಾತ್ರ, ಇದು ಉಳಿದ ದಿನ. ಹೇಳಿದ್ದನ್ನು ರೋಗಿಯ ಬಾಯಿಂದಲೇ ತಿರುಗಿ ಹೇಳಿಸುವುದು ನಮ್ಮ ಪದ್ಧತಿ. ಶಾಂತಾಬಾಯಿ ತಡವರಿಸದೆ ಹೇಳಿದರು.

"ಸೋಮವಾರ ನಾ ಗುಡಿಗಿ ಹೋಗ್ತೀನ್ರಿ. ಗುಡಿಯಿಂದ ಬಂದು ಇದನ್ನ ನುಂಗತೀನಿ. ಸಾದಾ ದಿನ ಅದನ್ನ ನುಂಗತೀನಿ. ಮರೀಲಿಕ್ಕ ಹ್ಯಾಂಗ ಆಗ್ತದ್ರಿ?"

ಇಷ್ಟು ಚೆನ್ನಾಗಿ ಒಪ್ಪಿಸಿದವರನ್ನು ನಾನು ಹೆಚ್ಚು ಕಂಡಿರಲಿಲ್ಲ. ಮನೆಯಲ್ಲಿ ಅವು 'ಗುಡಿ ಗುಳಗಿ', 'ಸಾದಾ ಗುಳಗಿ' ಎಂದೇ ಆಗಿಹೋದವು. ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಪ್ರತಿ ತಪಾಸಣೆಯಲ್ಲೂ ರಕ್ತದ ಪರೀಕ್ಷೆ ಸರಿಯಾಗಿಯೇ ಇತ್ತು. ಒಮ್ಮೆ ಆಕೆ ಕಿಟಕಿಯ ಸಂದಿಯಿಂದ ಎರಡೂ ಕೈ ಒಳಗೆ ಚಾಚಿ, ಬೆರಳು ಮಡಚಿ ಬಿಚ್ಚಿ ತೋರಿಸಿದರು. "ನೋಡ್ರಿ ಯವ್ವಾ, ಮತ್ತ ರೊಟ್ಟಿ ಬಡೀಲಿಕತ್ತೀನಿ" ಎಂದು ನಕ್ಕರು. ಅಂದು ಮನೆಗೆ ಹೋಗುವಾಗ ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ತಪಾಸಣೆ ಮೂರು ತಿಂಗಳಿಗೊಮ್ಮೆ ಇತ್ತು. ಪದೇಪದೇ ಬರುವುದು ಕಷ್ಟವೆಂದು ಅಷ್ಟೂ ತಿಂಗಳ ಗುಳಿಗೆಯನ್ನು ಒಮ್ಮೆಗೇ ಕೊಟ್ಟು ಕಳಿಸುವುದು ಆಸ್ಪತ್ರೆಯ ರೂಢಿ. ಶ್ರಾವಣಕ್ಕೆ ಸ್ವಲ್ಪ ಮೊದಲು ಶಾಂತಾಬಾಯಿ ಹಾಗೆಯೇ ಹೊಸ ಪೊಟ್ಟಣಗಳನ್ನು ಒಯ್ದರು.

ಶ್ರಾವಣದ ಕೊನೆಯ ದಿನಗಳಲ್ಲಿ ನಮ್ಮ ವಾರ್ಡುಗಳು ಡೆಂಗಿ ಜ್ವರದವರಿಂದ ತುಂಬಿದ್ದವು. ಮಂಚ ಸಾಲದೆ ಕಾರಿಡಾರಿನಲ್ಲೂ ಹಾಸಿಗೆ ಹಾಕಿದ್ದರು. ಸುತ್ತು ಹೊಡೆಯುತ್ತಿದ್ದವಳಿಗೆ ಗೋಡೆಯ ಪಕ್ಕದ ಹಾಸಿಗೆಯೊಂದರ ಬಳಿ ಚಂದ್ರಶಾ ಕಂಡರು. ಮಲಗಿದ್ದಾಕೆಯ ಗುರುತು ನನಗೆ ಮೊದಲು ಹತ್ತಲಿಲ್ಲ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು, ದಿಂಬಿನ ಮೇಲೆ ಕೂದಲು ಉದುರಿ ಬಿದ್ದಿತ್ತು. ಕೇಸ್ ಶೀಟಿನಲ್ಲಿ ಜ್ವರ, ಪ್ಲೇಟ್‌ಲೆಟ್ ಕಡಿಮೆ, ಬಿಳಿ ರಕ್ತಕಣ ಕಡಿಮೆ, ಡೆಂಗಿ ಇರಬಹುದು ಎಂದು ಬರೆದಿತ್ತು. ಹಳೆಯ ಕಾಯಿಲೆ ಎಂಬಲ್ಲಿ ಕೀಲುನೋವು ಎಂಬ ಒಂದೇ ಮಾತು. ಯಾವ ಗುಳಿಗೆ ಎಂದು ಯಾರೂ ಕೇಳಿರಲಿಲ್ಲ. ಹಾಗೆಂದು ಅವರನ್ನು ಬೈಯುವಂತೆಯೂ ಇರಲಿಲ್ಲ, ಡ್ಯೂಟಿ ಡಾಕ್ಟರು ಇಬ್ಬರೇ ಇದ್ದರು.

ಬಾಯಲ್ಲಿ ಈ ಪರಿ ಹುಣ್ಣಾಗುವುದು ಡೆಂಗಿಯ ಲಕ್ಷಣವಲ್ಲ. ಯಾವಾಗಿನಿಂದ ಹೀಗೆ ಎಂದು ಚಂದ್ರಶಾರನ್ನು ಕೇಳಿದೆ.

"ಎಂಟ್ಹತ್ತ ದಿನ ಆಯ್ತ್ರಿ. ಉಷ್ಣ ಆಗ್ಯಾದಂತ ಮಜ್ಜಗಿ ಕುಡಿಸಿದೆ. ಕೆಂಪ ಬಾಳಿಹಣ್ಣ ಕಿವಿಚಿ ತಿನಿಸಿದೆ. ಈಗ ಅದೂ ನುಂಗವಲ್ಲಳು."

"ಕೀಲಿನ ಗುಳಗಿ ತಗೊಳ್ತಿದ್ರೇನ್ರಿ?"

"ಒಂದ ದಿನಾನೂ ತಪ್ಪಿಸಿಲ್ರಿ ಯವ್ವಾ. ನಾನೇ ನೀರ ಕೊಡ್ತಿದ್ದೆ."

ಆ ಮಾತಿನಲ್ಲಿ ಹೆಮ್ಮೆ ಇತ್ತು. ಚೀಲ ತೆಗೆಯಿರಿ ಎಂದೆ. ಮೂರು ತಿಂಗಳಿಗೆಂದು ಕೊಟ್ಟಿದ್ದ ಮೆಥೊಟ್ರೆಕ್ಸೇಟ್ ಪಟ್ಟಿಗಳು ಖಾಲಿಯಾಗಿದ್ದವು. ಅವುಗಳ ಜೊತೆಗೆ ಅದೇ ಗುಳಿಗೆಯ ಇನ್ನೊಂದು ಪಟ್ಟಿ ಇತ್ತು. ತೀರಿಹೋದವೆಂದು ಖಾಲಿ ಪಟ್ಟಿ ತೋರಿಸಿ ಅಂಗಡಿಯಲ್ಲಿ ಕೊಂಡದ್ದಂತೆ. ಅದರಲ್ಲೂ ಕೆಲವು ಮುಗಿದಿದ್ದವು. ಫೋಲಿಕ್ ಆಸಿಡ್ ಪೊಟ್ಟಣದಲ್ಲಿ ಮಾತ್ರ ಮೊದಲ ಕೆಲವು ದಿನಗಳದ್ದು ಬಿಟ್ಟರೆ ಉಳಿದವೆಲ್ಲ ಹಾಗೇ ಕುಳಿತಿದ್ದವು.

"ಇದು ಸೋಮವಾರ ಅಷ್ಟ ಅಂತ ಹೇಳಿದ್ದೆ ಅಲ್ರಿ?" ಎಂದೆ. ದನಿ ಏರಿತ್ತು.

"ಹೌದ್ರಿ, ಗುಡಿಗಿ ಹೋದ ದಿನ. ಶ್ರಾವಣ ಹಿಡಿದಾಗಿಂದ ಆಕಿ ದಿನಾ ಗುಡಿಗಿ ಹೋಗ್ತಾಳಲ್ರಿ. ಶ್ರಾವಣದಾಗ ಸಾದಾ ದಿನ ಎಲ್ಲಿ ಬರ್ತದ್ರಿ?"

ನಾನು ಹುಟ್ಟಿ ಬೆಳೆದದ್ದೂ ಇಂಥದೇ ಮನೆಯಲ್ಲಿ. ಶ್ರಾವಣವೆಂದರೆ ನಮ್ಮವ್ವನೂ ತಿಂಗಳಿಡೀ ನಸುಕಿನಲ್ಲೆದ್ದು ಮಿಂದು ಗುಡಿಗೆ ಹೋಗುತ್ತಿದ್ದಳು. ಆಕೆಗೆ ಹೇಳಿದ್ದು ತಪ್ಪಾಗಿರಲಿಲ್ಲ, ಆಕೆ ತಿಳಿದುಕೊಂಡದ್ದೂ ತಪ್ಪಾಗಿರಲಿಲ್ಲ. ಇಷ್ಟು ತಿಂಗಳು ಆಕೆಯನ್ನು ಕಾದ ಲೆಕ್ಕವೇ ಶ್ರಾವಣ ಬಂದೊಡನೆ ತಿರುಗಿಬಿತ್ತು. ಗಂಡಹೆಂಡಿರಿಬ್ಬರೂ ನಿಯಮ ಬಿಡುವವರಲ್ಲ. ಸ್ವಲ್ಪ ಉಡಾಫೆಯವರಾಗಿದ್ದರೆ ನಡುನಡುವೆ ಮರೆತಾದರೂ ಉಳಿಯುತ್ತಿದ್ದರೇನೋ ಎಂದು ಈಗಲೂ ಅನಿಸುತ್ತದೆ, ಅನಿಸಿದಾಗಲೆಲ್ಲ ಸಿಟ್ಟು ಬರುತ್ತದೆ.

ವಾರ್ಡಿನ ವೈದ್ಯ ನದೀಮ್ ಇನ್ನೂ ಎಳೆಯ ಪ್ರಾಯದವರು. ಪಟ್ಟಿಗಳನ್ನು ಅವರ ಮುಂದಿಟ್ಟೆ. ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಯಾ ಅಲ್ಲಾ, ದಿನಾ?" ಎಂದರು. ಆಗಲೇ ಚಿಕಿತ್ಸೆ ಬದಲಿಸಿದರು. ಈ ಗುಳಿಗೆಯ ವಿಷ ಇಳಿಸಲು ಕೊಡುವುದು ಲ್ಯೂಕೋವೊರಿನ್ ಎಂಬ ಇಂಜೆಕ್ಷನ್. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬೇಕಾಗುವ ಔಷಧವಾದ್ದರಿಂದ ನಮ್ಮ ಸ್ಟೋರಿನಲ್ಲಿ ಇರಲಿಲ್ಲ. ಊರಿನ ಔಷಧ ವಿತರಕರಿಗೆಲ್ಲ ಫೋನು ಹಚ್ಚಿದೆ. ಒಬ್ಬರು ನಾಳೆ ಎಂದರು, ಇನ್ನೊಬ್ಬರು ಹೈದರಾಬಾದಿನಿಂದ ತರಿಸಬೇಕೆಂದರು. ಕೊನೆಗೆ ಕ್ಯಾನ್ಸರ್ ಚಿಕಿತ್ಸೆ ಕೊಡುವ ಇನ್ನೊಂದು ಆಸ್ಪತ್ರೆಯಲ್ಲಿ ಕೆಲವು ವಯಲ್ ಇವೆ ಎಂದು ತಿಳಿದು ಆಟೊ ಹಿಡಿದು ನಾನೇ ಹೋದೆ. ಕೋಟೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಎಂದೂ ಬೇಡಿಕೊಳ್ಳದ ನಾನು ಅಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಸಂಜೆಯೊಳಗೆ ಮೊದಲ ಇಂಜೆಕ್ಷನ್ ಆಯಿತು.

ಆದರೆ ಕಿಡ್ನಿಗಳು ಆಗಲೇ ಸೋತಿದ್ದವು. ಕಿಡ್ನಿ ಸೋತರೆ ಮೆಥೊಟ್ರೆಕ್ಸೇಟ್ ಮೈ ಬಿಟ್ಟು ಹೋಗುವುದಿಲ್ಲ. ಐಸಿಯುಗೆ ಸಾಗಿಸಿದರು, ರಕ್ತ ಕೊಟ್ಟರು, ಬಿಳಿ ಕಣ ಏರಿಸುವ ಇಂಜೆಕ್ಷನ್ ಕೊಟ್ಟರು. ಪ್ರತಿದಿನ ಬೆಳಿಗ್ಗೆ ಲ್ಯಾಬಿಗೆ ಹೋಗಿ ನಿಂತು ವರದಿ ನೋಡುತ್ತಿದ್ದೆ. ಅಂಕಿ ಇಳಿಯುವುದು ನಿಲ್ಲಲಿಲ್ಲ. ಪ್ರಜ್ಞೆ ಇದ್ದ ಕೊನೆಯ ದಿನ ಶಾಂತಾಬಾಯಿ ಏನೋ ಹೇಳಲು ನೋಡಿದರು, ಬಾಯಿಯ ಹುಣ್ಣಿನಿಂದ ಮಾತು ಹೊರಡಲಿಲ್ಲ. ಬೆರಳು ಮಾತ್ರ ಮಡಚಿ ಬಿಚ್ಚಿದರು. ಶ್ರಾವಣ ಮುಗಿದು ಗಣಪತಿ ಕೂರಿಸುವ ಮೊದಲು ತೀರಿಕೊಂಡರು.

ಆಮೇಲೆ ಸಭೆ ನಡೆಯಿತು. ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ. ಈ ಗುಳಿಗೆಯನ್ನು ತಿಂಗಳಿಗೆ ನಾಲ್ಕರಂತೆ ಮಾತ್ರ ಕೊಡೋಣ, ಎಷ್ಟು ತಪ್ಪಿದರೂ ಜೀವ ಹೋಗುವಷ್ಟು ಮನೆಯಲ್ಲಿ ಇರದಿರಲಿ ಎಂದೆ. ಹಳ್ಳಿಯವರು ತಿಂಗಳಿಗೊಮ್ಮೆ ಬಸ್ಸಿನ ಖರ್ಚು ಎಲ್ಲಿಂದ ತರಬೇಕು ಎಂದು ಸಭೆಯಲ್ಲಿದ್ದವರು ಕೇಳಿದರು. ಅದೂ ನಿಜವೇ. ನಾವು ನಾಲ್ಕೇ ಕೊಟ್ಟರೂ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದಲ್ಲ ಎಂದರು. ಅದೂ ನಿಜ. ಪೊಟ್ಟಣದ ಮೇಲೆ 'ವಾರಕ್ಕೆ ಒಂದು ಮಾತ್ರ' ಎಂದು ಕೆಂಪು ಸೀಲು ಒತ್ತುವುದೆಂದು ತೀರ್ಮಾನವಾಯಿತು. ಶಾಂತಾಬಾಯಿಗೆ ಓದಲು ಬರುತ್ತಿರಲಿಲ್ಲ ಎಂದು ಹೇಳಿದೆ. ಅಷ್ಟರಲ್ಲಿ ಚಹಾ ಬಂತು.

ಚೀಲದ ಜೊತೆ ಮನೆಗೆ ಮರಳಿದ್ದ ಆ ಉಳಿದ ಗುಳಿಗೆಗಳು ನನ್ನ ತಲೆಯಲ್ಲೇ ಕುಳಿತಿದ್ದವು. ಬೆರಳು ಬಾತ ಇನ್ಯಾರೋ ಕೇಳಿದರೆ ಚಂದ್ರಶಾ ಇಲ್ಲವೆನ್ನುವ ಮನುಷ್ಯರಲ್ಲ. ಒಂದು ರಜೆಯ ದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಎರಡು ಕೋಣೆಯ ಮನೆ. ರೊಟ್ಟಿ ಬಡಿಯುವ ಕಲ್ಲನ್ನು ಗೋಡೆಗೆ ಒರಗಿಸಿದ್ದರು. ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕದಲ್ಲಿ ಎರಡೂ ಪೊಟ್ಟಣ ಇದ್ದವು. ಆಕೆ ಮೊದಲಿನಿಂದಲೂ ಅಲ್ಲೇ ಇಡುತ್ತಿದ್ದರಂತೆ. ಚಂದ್ರಶಾ ಕೈಮುಗಿದು ತೆಗೆದು ಕೊಟ್ಟರು.

ಗುಳಿಗೆ ಹೆಚ್ಚಾಯಿತೆಂದು ವೈದ್ಯ ನದೀಮ್ ಚಂದ್ರಶಾರಿಗೆ ಆಗಲೇ ಹೇಳಿದ್ದರು. ಅವರು ಆಸ್ಪತ್ರೆಯನ್ನು ದೂರಲಿಲ್ಲ, ನನ್ನನ್ನೂ ದೂರಲಿಲ್ಲ. ದೂರಿದ್ದರೆ ನನಗೆ ಹಗುರಾಗುತ್ತಿತ್ತು. ಫೋಲಿಕ್ ಆಸಿಡ್ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ ಕೇಳಿದರು.

"ಇವು ಹಂಗೇ ಉಳದಾವ ನೋಡ್ರಿ. ಬಡವರಿಗಿ ಯಾರಿಗರ ಆಗ್ತಾವ, ಒಯ್ರಿ. ಅಲ್ರಿ ಯವ್ವಾ, ಇವು ಎದಕ್ಕ ಇದ್ವು?"

ಆ ಗುಳಿಗೆ ಆಕೆಯನ್ನು ಕಾಯಲು ಇತ್ತು. ದಿನಾ ನೀವು ನೀರು ಹಿಡಿದು ನಿಂತಾಗ, ಒಂದು ಗೇಣು ಆಚೆ ಜಗಲಿಯ ಮೇಲೆ ಇದು ಸುಮ್ಮನೆ ಕುಳಿತಿತ್ತು. ಇದನ್ನು ಯಾವ ಬಾಯಿಂದ ಹೇಳಲಿ?

"ಶಕ್ತಿಗಂತ ಕೊಡ್ತಾರ್ರಿ" ಎಂದೆ.

"ಹಾಂ, ಶಕ್ತಿಗಿ" ಎಂದು ತಲೆಯಾಡಿಸಿದರು. "ಅದಕ್ಕ ಶ್ರಾವಣದಾಗ ಇವು ತಪ್ಪಿದ್ರೂ ಆಕಿ ಚಿಂತಿ ಮಾಡಿಲ್ಲ. ದುಡಿಯೋ ಶಕ್ತಿ ಬಂದದ, ಇನ್ಯಾಕ ಅಂದಿರಬೇಕು."

ಅಲ್ಲಿಂದ ನಿವೃತ್ತಿಯವರೆಗೆ, ವಾರದ ಗುಳಿಗೆ ಕೊಡುವಾಗಲೆಲ್ಲ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಶ್ರಾವಣದಾಗ ಏನ ಮಾಡ್ತೀರಿ, ರಮಜಾನದಾಗ ಏನ ಮಾಡ್ತೀರಿ, ಮನೆಯಲ್ಲಿ ಮದುವೆ ಬಂದರೆ, ಸೂತಕ ಬಂದರೆ? ಔಷಧದ ಹೆಸರು ತಿಳಿದರೆ ಸಾಲದು, ಅದು ಹೋಗಿ ಸೇರುವ ಮನೆಯ ವರ್ಷ ಹೇಗೆ ಉರುಳುತ್ತದೆಂದು ತಿಳಿಯಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಪಾಠ ಸರಿಯಾಗಿಯೇ ಇದೆ. ಆದರೆ ಹಾಗೆ ಒಬ್ಬರನ್ನು ಪೂರ್ತಿ ಕೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲು ಬಾಗಿಲು ದಾಟಿರುತ್ತಿತ್ತು, ಯಾರೋ "ಜಲ್ದಿ ಮಾಡ್ರಿ ಮೇಡಂ, ಬಸ್ಸು ಹೋಗ್ತದ" ಎಂದು ಕೂಗುತ್ತಿದ್ದರು. ನಾನು ಕೇಳದೆ ಕಳಿಸಿದವರೇ ಹೆಚ್ಚು. ಈಗ ನನ್ನ ಜಾಗದಲ್ಲಿ ಕೂತವರಿಗೆ ಅಷ್ಟೂ ಪುರಸೊತ್ತಿಲ್ಲ. ಶ್ರಾವಣ ಮಾತ್ರ ಪ್ರತಿ ವರ್ಷ ಬರುತ್ತದೆ.