ಕೌಂಟರಿನಲ್ಲಿ ಕರೆದ ಹೆಸರು

ಹೋದ ವಾರ ಪುಣೆಯ ಖರಾಡಿಯ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು, ತೋಳು ಮಡಚಿಕೊಂಡು ಕೂತಿದ್ದೆ. ಕೌಂಟರಿನ ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿ ತನ್ನ ಕೀಬೋರ್ಡ್ ಒರೆಸತೊಡಗಿದಳು. ಸ್ಪಿರಿಟ್, ಧೂಳು, ಬೆಚ್ಚಗಿನ ಪ್ಲಾಸ್ಟಿಕ್... ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಎಡಗೈ ತಾನಾಗಿಯೇ ಎದ್ದು ಮುಖಕ್ಕೆ ಅಡ್ಡ ಬಂತು. ಯಾರಾದರೂ ಹೊಡೆಯಲು ಬಂದರೆ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. "ಆಂಟಿ, ಕಾಯ್ ಝಾಲಂ?" ಏನಾಯಿತೆಂದು ಹುಡುಗಿ ಮರಾಠಿಯಲ್ಲಿ ಗಾಬರಿಯಾಗಿ ಕೇಳಿದಳು. "ನಥಿಂಗ್, ಡಿಯರ್" ಎಂದೆ. ಇಪ್ಪತ್ತು ವರ್ಷದ ಮೇಲಾಯಿತು. ನಾನು ಮರೆತರೂ ಮಣಿಕಟ್ಟು ಮರೆತಿಲ್ಲ.

ದೇಹೂ ರೋಡಿನ ಹತ್ತಿರ ಆಗ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆ ಇತ್ತು. ಈಗ ಇಲ್ಲ. ಅಲ್ಲಿ ನಾನು ರಿಜಿಸ್ಟ್ರೇಷನ್ ಕ್ಲರ್ಕ್. ಬೆಳಗಾವಿಯ ಕಾನ್ವೆಂಟಿನಲ್ಲಿ ನನ್‌ಗಳು ತಿದ್ದಿಸಿದ ಹ್ಯಾಂಡ್‌ರೈಟಿಂಗ್, ಅವರೇ ಕಲಿಸಿದ ಟೈಪಿಂಗ್, ಎರಡೂ ಸೇರಿ ನನಗೆ ಆ ಕುರ್ಚಿ ಕೊಡಿಸಿದ್ದವು. ಮೊದಲೆಲ್ಲ ಕಾಗದದ ಕೇಸ್ ಪೇಪರ್. ರೋಗಿ ಅದನ್ನು ಮನೆಯಲ್ಲಿ ಮರೆತು ಬಂದರೆ ಹೊಸದೊಂದು ಬರೆಯುವುದು. ನಮ್ಮ ಕಡೆಯ ಹಳೆಯ ಪ್ರತಿ ರೆಕಾರ್ಡ್ ರೂಮಿನ ಗಂಟುಗಳಲ್ಲಿ ಇಲಿಗಳ ಪಾಲು. ಡಾಕ್ಟರಿಗೆ ಕಾಣುತ್ತಿದ್ದದ್ದು ಇವತ್ತಿನ ನೋವು ಮಾತ್ರ. ತೊಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಬಂತು. ಒಬ್ಬರಿಗೆ ಒಂದು ನಂಬರ್. ಹೆಸರು ಟೈಪ್ ಮಾಡಿದರೆ ಅವರ ಹಿಂದಿನ ಜ್ವರ, ಸಕ್ಕರೆ, ಹೆರಿಗೆ ಎಲ್ಲ ಒಂದೇ ಪರದೆಯ ಮೇಲೆ. ಐ ವಾಸ್ ಸೋ ಪ್ರೌಡ್. ದಿನಾ ಬೆಳಿಗ್ಗೆ ಮಾನಿಟರಿನ ಗಾಜನ್ನು, ಕೀಲಿಗಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಕೂರುತ್ತಿದ್ದೆ.

ಆ ದಿನಗಳಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ವೈನಿ, ಅಂದರೆ ಅತ್ತಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ಮೈದುನ ಹಾಗೆ ಕರೆಯುತ್ತಿದ್ದನಂತೆ, ಆಮೇಲೆ ಇಡೀ ಬಿಲ್ಡಿಂಗೇ ಕರೆಯಿತು. ಅವರಿಗಿಂತ ಹದಿನೈದು ವರ್ಷ ದೊಡ್ಡವಳಾದ ನಾನೂ ಕರೆದೆ. ಬಾಗಲಕೋಟೆ ಕಡೆಯವರು. ಗಂಡನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಬಿಳಿ ಅಂಗಿ, ಹಣೆಯಲ್ಲಿ ಭಂಡಾರದ ಅರಿಶಿನ, ಎದುರಾದರೆ ಕೈ ಮುಗಿದು "ಆರಾಮದೀರೇನ್ರಿ ಬಾಯಾರ?" ದೇವರಂಥ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಇಟ್ಟಿಗೆ ಗೋಡೆ. ನನ್ನ ರಜೆಯ ದಿನ, ಮಧ್ಯಾಹ್ನ ವೈನಿಯ ಗಂಡ ಊಟಕ್ಕೆ ಬಂದಾಗ ಮೊದಲು ತಾಟು ಬೀಳುವ ಸದ್ದು. ಆಮೇಲೆ ಬಟ್ಟೆ ಒಗೆಯುವಂಥ ಸದ್ದು, ಒಂದೇ ಅಳತೆಯಲ್ಲಿ, ಒಂದಾದ ಮೇಲೆ ಒಂದು. ಕಿರುಚಾಟ ಇರಲಿಲ್ಲ. ಅದೇ ಭಯಂಕರ. ಅಂಗಡಿಯಲ್ಲಿ ಬಟ್ಟೆ ಅಳೆಯುವ ಕಬ್ಬಿಣದ ಗಜಕೋಲು ಮನೆಯಲ್ಲೂ ಒಂದಿತ್ತು ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಆ ಸದ್ದು ಕೇಳಿದರೆ ನಮ್ಮ ಯಜಮಾನರು ಟಿವಿಯ ವಾಲ್ಯೂಮ್ ಏರಿಸುತ್ತಿದ್ದರು. "ಡೋಂಟ್ ಗೆಟ್ ಇನ್ವಾಲ್ವ್ಡ್." ನಾನೂ ಹೌದೆಂದುಕೊಂಡೆ. ಪರರ ವಿಷಯದಲ್ಲಿ ಮೂಗು ತೂರಿಸಬಾರದು, ಅದು ಗುಡ್ ಮ್ಯಾನರ್ಸ್ ಎಂದು ತಾನೇ ನನಗೆ ಕಲಿಸಿದ್ದು?

ಮೊದಲ ಸಲ ವೈನಿ ನನ್ನ ಕೌಂಟರಿಗೆ ಬಂದಾಗ ಬಲಗೈಯ ಎರಡು ಬೆರಳು ಬದನೆಕಾಯಿಯಂತೆ ಊದಿದ್ದವು. ಗಂಡ ಅವನ್ನು ಬಾಗಿಲ ಸಂದಿಯಲ್ಲಿ ಇಟ್ಟು ಬಾಗಿಲು ಹಾಕಿದ್ದರು. ಅವರ ಹೆಸರಿನಲ್ಲಿ ಜ್ವರದ್ದೊಂದು ಹಳೆಯ ನಂಬರ್ ಇತ್ತು. ಅದನ್ನೇ ತೆರೆಯಹೋದೆ. ವೈನಿ ಕಿಟಕಿಯೊಳಗೆ ಎಡಗೈ ಹಾಕಿ ನನ್ನ ಕೈ ಹಿಡಿದರು.

"ಆ ಹೆಸರಿಗೆ ಹಚ್ಚಬ್ಯಾಡ್ರಿ ಅಕ್ಕಾರ. ಅವರು ಬಂದು ನೋಡ್ತಾರ. ನನ್ನ ತವರಮನಿ ಹೆಸರಿಗೆ ಹಾಕ್ರಿ."

"ಅದು ಸುಳ್ಳಾಗ್ತದಲ್ರಿ ವೈನಿ?"

"ಸುಳ್ಳ್ಯಾಕ? ನಮ್ಮಪ್ಪ ಇಟ್ಟದ್ದು. ಇವರು ಲಗ್ನದಾಗ ಅಕ್ಕಿ ತಾಟಿನ್ಯಾಗ ಉಂಗುರಲೆ ಹೊಸಾ ಹೆಸರು ಬರದ್ರು, ಹಳೇದು ಹೋತು. ಎಲ್ಲಿ ಹೋತು? ಕರಿಯವ್ರು ಇಲ್ಲ, ಅಷ್ಟ. ಹೊಡತ ಆಕಿ ತಿಂತಾಳ, ಆಕಿ ಹೆಸರಿಗೇ ಬರೀರಿ."

ನಮ್ಮ ಕಡೆ ಲಗ್ನದಲ್ಲಿ ಹುಡುಗಿಯ ಅಡ್ಡಹೆಸರಷ್ಟೇ ಅಲ್ಲ, ಅವಳ ಹೆಸರೇ ಬದಲಾಗುವುದುಂಟು. ನನ್ನದೂ ಬದಲಾಗಿದೆ. ಆ ಬಗ್ಗೆ ಯೋಚಿಸಿದವಳೇ ಅಲ್ಲ ನಾನು. ವೈನಿ ಹೇಳಿದ ಹೆಸರಿಗೆ ಹೊಸ ನಂಬರ್ ಮಾಡಿದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಗಾಯದ ಕಾರಣ ಆರಿಸಲು ಪರದೆಯಲ್ಲಿ ಒಂದು ಪಟ್ಟಿ ಬರುತ್ತಿತ್ತು. ಬಿದ್ದದ್ದು, ಸುಟ್ಟದ್ದು, ವಾಹನ ಅಪಘಾತ, ಹಲ್ಲೆ. ಹಲ್ಲೆ ಎಂದು ಒತ್ತಿದರೆ ಪೊಲೀಸರಿಗೆ ಕಳಿಸುವ ಫಾರ್ಮ್ ತೆರೆದುಕೊಳ್ಳುತ್ತಿತ್ತು. ನಾನು "ಫಾಲ್" ಒತ್ತಿದೆ. ಸರದಿ ಬಂದಾಗ ಆ ಹೆಸರನ್ನು ಗಟ್ಟಿಯಾಗಿ ಕರೆದೆ. ಊದಿದ ಬೆರಳು ಹಿಡಿದುಕೊಂಡು ಕೂತಿದ್ದ ಹೆಂಗಸು ತಲೆ ಎತ್ತಿ ನಕ್ಕರು. "ಇನ್ನೊಮ್ಮೆ ಕರೀರಿ ಅಕ್ಕಾರ" ಎಂದರು. ಕರೆದೆ.

ಆಮೇಲೆ ಅದೊಂದು ರೂಢಿಯಾಯಿತು. ಕಾಲರ್ ಬೋನ್ ಮುರಿದದ್ದು. ಇಸ್ತ್ರಿ ಪೆಟ್ಟಿಗೆಯ ಮೊನೆ ತೋಳಿನ ಮೇಲೆ. ತುಟಿ ಸೀಳಿ ಮೂರು ಹೊಲಿಗೆ. ಆ ಹೊಲಿಗೆಯ ದಿನ ಪೆನಿಸಿಲಿನ್ ಕೊಟ್ಟದ್ದೇ ಮುಖ ಉಬ್ಬಿ, ಗಂಟಲು ಕಟ್ಟಿ, ಉಸಿರಿಗಾಗಿ ಮಂಚದ ಕಂಬಿಯನ್ನು ಕಿತ್ತುಹೋಗುವಂತೆ ಹಿಡಿದುಕೊಂಡಿದ್ದರು. ಡಾಕ್ಟರು ಹೇಗೋ ಉಳಿಸಿದರು. ಆವತ್ತೇ ಆ ನಂಬರಿನ ತಲೆಯ ಮೇಲೆ ಕ್ಯಾಪಿಟಲ್ ಲೆಟರ್ಸಿನಲ್ಲಿ ಟೈಪ್ ಮಾಡಿದೆ, ಪೆನಿಸಿಲಿನ್ ಅಲರ್ಜಿ ಎಂದು. ಪರದೆ ತೆರೆದ ಕೂಡಲೇ ಆ ಸಾಲು ಮಿನುಗುತ್ತಿತ್ತು.

ಒಮ್ಮೆ ಜೇಜುರಿಯ ಬೆಟ್ಟದ ಗುಡಿಯಿಂದ ನೆಟ್ಟಗೆ ಬಂದರು. ತಲೆಯಿಂದ ಪಾದದವರೆಗೆ ಭಂಡಾರದ ಹಳದಿ. ಆ ಹಳದಿಯ ಕೆಳಗೆ ಕಿವಿಯಿಂದ ಕುತ್ತಿಗೆಗೆ ಇಳಿದು ಹೆಪ್ಪುಗಟ್ಟಿದ ರಕ್ತ. ಗುಡಿಯ ಮೆಟ್ಟಿಲ ಮೇಲಿಂದ ಗಂಡ ನೂಕಿದ್ದರು, ಅಷ್ಟು ಜನರ ನಡುವೆ. ವೈನಿ ಹಲ್ಲು ಕಚ್ಚಿಕೊಂಡೇ ತಮಾಷೆ ಮಾಡಿದರು. "ಲಗ್ನ ಆದ ಹೊಸದಾಗ ಇದ ಮೆಟ್ಟಲಾ ಐದು ನನ್ನ ಹೊತಗೊಂಡು ಏರಿದ್ರ್ರಿ, ಅಲ್ಲಿ ಪದ್ಧತಿ ಅದಲ್ಲ? ಇಳಸೋದು ಹಿಂಗ ಅಂತ ಯಾರೂ ಹೇಳಿರಲಿಲ್ಲ." ನಾನೂ ನಕ್ಕೆ. ನಕ್ಕು, "ಫಾಲ್" ಒತ್ತಿದೆ. ಗಾಡ್ ಫರ್ಗಿವ್ ಮಿ.

ಆ ಮಧ್ಯಾಹ್ನ...

ಊಟದ ಡಬ್ಬಿ ಮುಚ್ಚುತ್ತಿದ್ದೆ. ಆಟೋ ಬಂದು ನಿಂತಿತು. ಗಂಡ ತಾವೇ ವೈನಿಯನ್ನು ಎತ್ತಿಕೊಂಡು ಓಡಿ ಬಂದರು. ಬಿಳಿ ಅಂಗಿಯ ಎದೆ ಪೂರ್ತಿ ಕೆಂಪು. ವೈನಿಯ ತಲೆ ಅವರ ತೋಳಿನಿಂದ ಜೋತಾಡುತ್ತಿತ್ತು. ಬೈತಲೆಯ ಪಕ್ಕ ಚರ್ಮ ಬಾಯಿ ಬಿಟ್ಟು ಒಳಗಿನ ಬಿಳುಪು ಕಾಣುತ್ತಿತ್ತು. "ಬಾತ್‌ರೂಮಿನ್ಯಾಗ ಜಾರಿ ಬಿದ್ಲ್ರಿ ಬಾಯಾರ, ಲಗೂನ ಬರಕೋರಿ" ಎಂದು ತಾವಿಟ್ಟ ಹೆಸರು ಹೇಳಿದರು. ಪರದೆ ತೆರೆಯಿತು. ಒಂದು ಜ್ವರ, ಒಂದು ನೆಗಡಿ. ಅಲರ್ಜಿ, ನಿಲ್. ನಾನೇ ಟೈಪ್ ಮಾಡಿದ್ದು. ಎಂಥ ಚೊಕ್ಕ ದಾಖಲೆ.

ಪರದೆಯನ್ನು ನೋಡಿಕೊಂಡ ಡಾಕ್ಟರು, ಹೊಸದಾಗಿ ಸೇರಿದ್ದ ಮರಾಠಿ ಹುಡುಗಿ, ಪೆನಿಸಿಲಿನ್ ಹೇಳಿದರು. ಸಿಸ್ಟರ್ ಸೀಸೆ ಅಲ್ಲಾಡಿಸಿ ಸಿರಿಂಜ್ ತುಂಬತೊಡಗಿದರು. ನನ್ನ ಕೈ ಕೀಲಿಗಳ ಮೇಲೆಯೇ ಇತ್ತು. ಎದುರಿಗೇ ಆ ಮನುಷ್ಯ. ನಾನು ಕೊಟ್ಟ ಮಾತು. ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆನೋ... ಒಂದು ನಿಮಿಷವೂ ಆಗಿರಲಾರದು. ಆ ನಿಮಿಷವನ್ನು ನಾನು ಇವತ್ತಿಗೂ ನನಗೆ ಕ್ಷಮಿಸಿಕೊಂಡಿಲ್ಲ. ಸಿಸ್ಟರ್ ತೋಳು ಒರೆಸುವಾಗ ಎದ್ದು ನಿಂತು "ಸ್ಟಾಪ್! ಷಿ ಈಸ್ ಅಲರ್ಜಿಕ್!" ಎಂದು ಕಿರುಚಿದೆ.

ಪರದೆಯಲ್ಲಿ ನಿಲ್ ಅಂತಿದೆಯಲ್ಲ, ನಿಮಗೆ ಹೇಗೆ ಗೊತ್ತು ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ಗಂಡ ಅದೇ ಮರಾಠಿಯಲ್ಲಿ, ಬಹಳ ನಯವಾಗಿ, ಇವರು ನಮ್ಮ ಪಕ್ಕದ ಮನೆಯವರು, ವಯಸ್ಸಾಗಿದೆ, ಗಾಬರಿಯಾಗಿದ್ದಾರೆ ಎಂದರು. ಮತ್ತೆ ನನ್ನ ಕಡೆ ಬಗ್ಗಿ ಕನ್ನಡದಲ್ಲಿ, "ಸುಮ್ಮ ಕೂಡ್ರಿ. ನಿಮ್ಮ ಮನಿ ಗ್ವಾಡಿ ನಮ್ಮ ಮನಿ ಗ್ವಾಡಿ ಒಂದ ಅದ. ನೆನಪಿಟ್ಕೋರಿ" ಎಂದರು.

ನಾನು ಇನ್ನೊಂದು ಹೆಸರು ಟೈಪ್ ಮಾಡಿದೆ. ಮೇಲೆ ಮಿನುಗುವ ಸಾಲು. ಕೆಳಗೆ ತಾರೀಖಿನ ಜೊತೆಗೆ ಫಾಲ್, ಫಾಲ್, ಫಾಲ್... ಹನ್ನೊಂದು ಸಲ. ಡಾಕ್ಟರು ಓದಿದರು. ಸಿರಿಂಜನ್ನು ಸಿಸ್ಟರ್ ಕೈಯಿಂದ ಕಿತ್ತು ಬಕೆಟ್ಟಿಗೆ ಎಸೆದರು. "ಇಬ್ಬರೂ ಒಬ್ಬರೇ ತಾನೇ? ಮರ್ಜ್ ಮಾಡಿ, ವಾರ್ಡಿನಲ್ಲಿ ಎಲ್ಲರಿಗೂ ಕಾಣಲಿ" ಎಂದು ವೈನಿಯ ಹತ್ತಿರ ಓಡಿದರು.

ಎರಡು ನಂಬರ್ ಕೂಡಿಸುವಾಗ ಆ ಕಂಪ್ಯೂಟರ್ ಒಂದು ಪ್ರಶ್ನೆ ಕೇಳುತ್ತಿತ್ತು. ಯಾವ ಹೆಸರು ಉಳಿಸಬೇಕು? ಯೋಚನೆಯೇ ಇಲ್ಲದೆ, ಅಡ್ರೆಸ್ಸಿನ ಜೊತೆ ಪಿನ್ ಕೋಡ್ ಹಾಕಿದಷ್ಟು ಸಹಜವಾಗಿ, ಗಂಡ ಇಟ್ಟ ಹೆಸರನ್ನು ಉಳಿಸಿದೆ.

ಆದರೆ ಅಳಿಯುವ ಮೊದಲು ಇನ್ನೊಂದು ಹೆಸರು ಗಂಡನ ಕಣ್ಣಿಗೆ ಬಿದ್ದಿತ್ತು. ಹೆಂಡತಿಯ ಹಳೆಯ ಹೆಸರಿನ ಜೊತೆಗೆ ಮಾವನ ಹೆಸರು, ಮಾವನ ಮನೆತನದ ಹೆಸರು. "ಈ ಹೆಸರು ಇಲ್ಲೆ ಹ್ಯಾಂಗ ಬಂತು?" ಎಂದರು, ಮೆಲ್ಲಗೆ. ಮರುಕ್ಷಣ ಮಾನಿಟರನ್ನು ತಂತಿಗಳ ಸಮೇತ ಎಳೆದು ನೆಲಕ್ಕೆ ಅಪ್ಪಳಿಸಿದರು. ಬಾಂಬಿನಂಥ ಸದ್ದು. ಗಾಜು ನನ್ನ ಕಾಲಿನವರೆಗೆ ಹಾರಿತು. ಆಮೇಲೆ ಕೀಬೋರ್ಡನ್ನು ಎರಡು ಕೈಯಲ್ಲಿ ಹಿಡಿದು ಹೊಡೆದರು. ಮೊದಲ ಏಟು ಭುಜಕ್ಕೆ. ಎರಡನೆಯದಕ್ಕೆ ಎಡಗೈ ಅಡ್ಡ ಹಿಡಿದೆ, ಒಣಕಟ್ಟಿಗೆ ಮುರಿದಂತೆ ಮಣಿಕಟ್ಟು ಸದ್ದು ಮಾಡಿತು. ಮೂರನೆಯದು ಬಾಯಿಗೆ. ಹಲ್ಲು ನಾಲಿಗೆಯ ಮೇಲೆ ಬಂತು, ಉಪ್ಪುಪ್ಪಾಗಿ. ವಾಚ್‌ಮನ್ ಮತ್ತು ಇಬ್ಬರು ಸಿಸ್ಟರ್‌ಗಳು ಅವರನ್ನು ಕೆಡವಿ ಹಿಡಿಯುವವರೆಗೆ ಅವರು ಹೊಡೆಯುತ್ತಲೇ ಇದ್ದರು. ಒಂದೇ ಅಳತೆಯಲ್ಲಿ. ನನಗೆ ಗೊತ್ತಿದ್ದ ಅಳತೆ.

ಐವತ್ತು ವರ್ಷದ ಬದುಕಿನಲ್ಲಿ ನನ್ನನ್ನು ಯಾರೂ ಹೊಡೆದಿರಲಿಲ್ಲ. ಹನ್ನೊಂದು ಸಲ ನಾನು ಏನನ್ನು ಟೈಪ್ ಮಾಡಿದ್ದೆ ಎಂಬುದು ನೆಲದ ಮೇಲೆ ಬಿದ್ದಾಗ ತಿಳಿಯಿತು. ಇನ್ನೂ ನಾಚಿಕೆಯ ಮಾತೊಂದಿದೆ. ಪ್ಲಾಸ್ಟರ್ ಹಾಕುವಾಗ ಕಾಂಪೌಂಡರ್ "ಕಸಂ ಲಾಗಲಂ?", ಪೆಟ್ಟು ಹೇಗಾಯಿತು, ಎಂದು ಕೇಳಿದರು. ರಕ್ತ ತುಂಬಿದ ನನ್ನ ಬಾಯಿ ತಾನಾಗಿಯೇ "ಪಡಲೇ" ಎಂದಿತು. ಬಿದ್ದೆ, ಎಂದು. ಅಷ್ಟು ಜನ ನೋಡಿದ್ದರೂ!

ಕಂಪ್ಯೂಟರ್ ಒಡೆದರೆ ಬರೆದದ್ದೂ ಒಡೆಯುತ್ತದೆ ಎಂದು ವೈನಿಯ ಗಂಡ ತಿಳಿದಿರಬೇಕು. ಬರೆದದ್ದೆಲ್ಲ ಮೇಲಿನ ಮಹಡಿಯ ಸರ್ವರ್‌ನಲ್ಲಿತ್ತು. ಮರುದಿನ ಡಾಕ್ಟರು ಅದನ್ನು ಪ್ರಿಂಟ್ ತೆಗೆಸಿ, ತಾವೇ ಪೊಲೀಸ್ ಚೌಕಿಗೆ ಒಯ್ದರು. ಹಳೆಯ ಕಾಗದದ ಕಾಲವಾಗಿದ್ದರೆ ಆ ಹನ್ನೊಂದು ಚೀಟಿಗಳನ್ನು ಯಾರು ಹುಡುಕುತ್ತಿದ್ದರು? ವೈನಿಯ ಜೀವವಂತೂ ಉಳಿಯುತ್ತಿರಲಿಲ್ಲ. ಅಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ವೈನಿಗೆ ಪೂರ್ತಿ ಎಚ್ಚರವಾದದ್ದು ಆರನೆಯ ದಿನ. ತಲೆಗೆ ಬ್ಯಾಂಡೇಜು, ಒಂದು ಕಣ್ಣು ಮುಚ್ಚಿತ್ತು. ನಾನು ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತೆ. ನನ್ನ ಬಾಯಿ ನೋಡಿ "ಹಲ್ಲು ಹೋತೇನ್ರಿ?" ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಮಂಚದ ತಲೆಗೆ ನೇತುಹಾಕಿದ್ದ ಪ್ರಿಂಟನ್ನು ಕೇಳಿ ತೆಗೆಸಿಕೊಂಡು, ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರು. ಅವರಿಗೆ ಹೆಸರು ಓದುವಷ್ಟು ಇಂಗ್ಲಿಷ್ ಬರುತ್ತಿತ್ತು.

"ಯಾವುದರಾಗ ಯಾವುದನ್ನ ಕೂಡಿಸಿದ್ರಿ ಅಕ್ಕಾರ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪ್ರಿಂಟಿನಲ್ಲಿ ಉಳಿದಿದ್ದ ಹೆಸರಿಗೆ ಬೆರಳಿಟ್ಟು ತೋರಿಸಿದೆ.

"ಜೀವ ಉಳಿಸೀರಿ. ಇಲ್ಲ ಅನ್ನಂಗಿಲ್ಲ" ಎಂದರು. "ಆದ್ರ ಇಡೀ ಪುಣೆದಾಗ ಆ ಹೆಸರು ನಿಮ್ಮ ಕಡೆ ಒಂದ ಇತ್ತು."

ಮತ್ತೆ ಬದಲಾಯಿಸೋಣ ಎಂದು ಕಂಪ್ಯೂಟರಿನವರನ್ನು ಕೇಳಿದೆ. ಒಮ್ಮೆ ಕೂಡಿಸಿದ್ದನ್ನು ಬಿಡಿಸಲು ಬರುವುದಿಲ್ಲ, ಪೊಲೀಸರ ಕೈಗೆ ಹೋದ ದಾಖಲೆಯನ್ನಂತೂ ಮುಟ್ಟುವ ಹಾಗೇ ಇಲ್ಲ ಎಂದರು. ಕಾನ್‌ಸ್ಟೇಬಲ್ ಹೇಳಿಕೆ ಬರೆಸಿಕೊಳ್ಳಲು ಬಂದಾಗ ವೈನಿ, "ನಾ ಬಿದ್ದಿಲ್ಲ. ಹನ್ನೊಂದು ಸಲಾನೂ ಬಿದ್ದಿಲ್ಲ. ನನ್ನ ಬಡದಾರ" ಎಂದರು. ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ. ಸಹಿಗೆ ಬಂದಾಗ ಪ್ರಿಂಟಿನಲ್ಲಿರುವ ಹೆಸರೇ ಬೇಕು ಎಂದ ಅವನು. ವೈನಿ ಪೆನ್ನು ಹಿಡಿದರು. ಆ ಹೆಸರನ್ನು, ಬೇರೆಯವರದನ್ನು ನಕಲು ಮಾಡುವಂತೆ, ಒಂದೊಂದೇ ಅಕ್ಷರವಾಗಿ ಬರೆದರು. ನನ್ನ ಮುಖ ನೋಡಲಿಲ್ಲ. ಗಂಡನಿಗೆ ಸ್ವಲ್ಪ ಕಾಲ ಜೈಲಾಯಿತು. ಬಾಗಲಕೋಟೆಯಿಂದ ಅಣ್ಣ ಬಂದು ವೈನಿಯನ್ನು ಕರೆದುಕೊಂಡು ಹೋದರು. ಗೋಡೆಯ ಆಚೆ ಸದ್ದು ನಿಂತಿತು. ನಾನು ಎರಡು ಪತ್ರ ಬರೆದೆ, ಲಕೋಟೆಯ ಮೇಲೆ ಅವರ ತವರಿನ ಹೆಸರನ್ನೇ ಬರೆದು. ಉತ್ತರ ಬರಲಿಲ್ಲ. ಬರಲಿ ಎಂದು ಕೇಳುವ ಹಕ್ಕೂ ನನಗಿರಲಿಲ್ಲ.

ಆಸ್ಪತ್ರೆ ಮುಚ್ಚಿತು. ಆ ಸರ್ವರ್ ಎಲ್ಲಿಗೆ ಹೋಯಿತೋ. ಈಗ ನನ್ನ ರಿಪೋರ್ಟುಗಳೆಲ್ಲ ಮೊಬೈಲಿಗೇ ಬರುತ್ತವೆ, ನನ್ನ ಸಕ್ಕರೆ ಬೇರೆ ಊರಿನ ಡಾಕ್ಟರಿಗೂ ಕಾಣುತ್ತದೆ. ವಂಡರ್‌ಫುಲ್, ಐ ಮಸ್ಟ್ ಸೇ. ಆದರೆ ನಾನು ಟೈಪ್ ಮಾಡಿದ ಆ ಮಿನುಗುವ ಸಾಲು ಬಾಗಲಕೋಟೆಯ ಯಾವ ಪರದೆಗೂ ಹೋಗಿರಲಾರದು. ವೈನಿಗೆ ಈಗ ಅರವತ್ತಾಗಿರಬೇಕು, ಇದ್ದರೆ... ಅಲ್ಲಿ ಯಾವುದೋ ಕೌಂಟರಿನಲ್ಲಿ ಯಾರೋ ಹೆಸರು ಕೇಳುತ್ತಾರೆ. ಅವರು ಯಾವುದನ್ನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಪೆನಿಸಿಲಿನ್ ಕೊಡಬೇಡಿ ಎಂದು ಹೇಳಲು ಪಕ್ಕದಲ್ಲಿ ಯಾರಾದರೂ ಇರುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ.