ಅಮ್ಮನ ಬಟ್ಟಲಿನ ಕೊಕ್ಕರೆ

ತುಕ್ಕು ಹಿಡಿದ ತಗಡಿಗೆ ನೀರು ಬಿದ್ದಾಗ ಒಂದು ವಾಸನೆ ಬರುತ್ತದೆ. ಮೊನ್ನೆ ಅತ್ತಾವರದ ನಮ್ಮ ಹೋಟೆಲಿನಲ್ಲಿ ಕೈತೊಳೆಯುವ ಜಾಗದ ಗೋಡೆಗೆ ಮೇಸ್ತ್ರಿ ನೀರು ಚಿಮುಕಿಸಿದಾಗ ಅದು ಮೂಗಿಗೆ ಬಡಿಯಿತು. ಅಣ್ಣ ತೀರಿಕೊಂಡು ಕೆಲವು ತಿಂಗಳಾಯಿತು. ಬಂದವರೆಲ್ಲ "ದೇವರಂಥ ಮನುಷ್ಯ" ಎಂದು ಹೇಳಿ ಹೋದರು. ನಾನೂ ತಲೆಯಾಡಿಸಿದೆ. ಆದರೆ ನಿಮ್ಮಲ್ಲಿ ಹೇಳುತ್ತೇನೆ, ಆ ಗೋಡೆಯ ವಿಷಯದಲ್ಲಿ ಅವನಷ್ಟು ತಲೆ ತಿನ್ನುವವನನ್ನು ನಾನು ಕಂಡಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ಬೊಂಬಾಯಿಗೆ ಹೋದ ಅಣ್ಣ ಯಾವುದೋ ದೊಡ್ಡ ಹೋಟೆಲಿನಲ್ಲಿ ಗಾಜಿನ ಚೂರು ಜೋಡಿಸಿ ಮಾಡಿದ ಚಿತ್ರ ನೋಡಿ ಬಂದ. ಬರುವಾಗ ಉಗುರಿನಷ್ಟಗಲದ ಗಾಜಿನ ಬಿಲ್ಲೆಗಳನ್ನೂ ತಂದ. ಕಾಗದದ ಮೇಲೆ ಸಾಲಾಗಿ ಅಂಟಿಸಿದಂಥವು. ಗಾರೆಗೆ ಒತ್ತಿ, ಕಾಗದ ಒದ್ದೆ ಮಾಡಿ ಸುಲಿದರೆ ಬಣ್ಣ ಹೊರಗೆ ಬರುತ್ತದೆ. ಕೈತೊಳೆಯುವ ಜಾಗದ ಗೋಡೆಯಲ್ಲಿ ನೀಲಿ ಹೊಳೆ, ಹಸಿರು ಗದ್ದೆ, ನಡುವೆ ಬಿಳಿ ಕೊಕ್ಕರೆ ಎಂಬುದು ಅವನ ಲೆಕ್ಕ. ಬಿಳಿ ಬಿಲ್ಲೆ ಮಾತ್ರ ಸಿಕ್ಕಿರಲಿಲ್ಲ. ಬೇರೆಯವರಾದರೆ ಕಾಯುತ್ತಿದ್ದರು. ಇವನು ಅಮ್ಮನ ಎನಾಮಲ್ ಬಟ್ಟಲುಗಳನ್ನು ಅಂಗಳಕ್ಕೆ ತಂದು ಸುತ್ತಿಗೆಯಲ್ಲಿ ಬಡಿದ. ಪಿಂಗಾಣಿಯ ಹಾಗೆ ಒಡೆಯುತ್ತದೆ ಎಂದು ನಂಬಿದ್ದ. ಒಳಗೆ ತಗಡು, ನೆಗ್ಗಿದವು, ಅಷ್ಟೆ. ಬಿಳಿ ಸಿಪ್ಪೆ ಹಾರಿ ನನ್ನ ಸೀರೆಯಲ್ಲಿ ಕೂತಿತು. ಆಮೇಲೆ ತಗಡು ಕತ್ತರಿ ಬಂತು.

"ಊಟ ಎಂತದರಲ್ಲಿ ಬಡಿಸುವುದು, ನಿನ್ನ ತಲೆಯಲ್ಲಾ?" ಎಂದರು ಅಮ್ಮ.

"ಬಾಳೆಲೆ ಉಂಟಲ್ಲ!"

"ಕತ್ತರಿಸಿದ ಅಂಚಿಗೆ ತುಕ್ಕು ಹಿಡೀತದೆ," ಎಂದೆ ನಾನು.

"ನಿನಗೆ ಚಿತ್ರದ ವಿಷಯ ಗೊತ್ತಿಲ್ಲ, ಸುಮ್ಮನಿರು ಮಾರಾಯ್ತಿ."

ಅದು ನಿಜವೇ. ನಾನು ಬಿಡಿಸಿದ ರಂಗೋಲಿಯ ನವಿಲನ್ನು ನೆರೆಯವರು ಒಳ್ಳೆಯ ಕೋಳಿ ಎಂದು ಹೊಗಳಿದ್ದರು. ಆದರೆ ತುಕ್ಕು ಹಿಡಿಯುವುದನ್ನು ತಿಳಿಯಲು ಚಿತ್ರಕಲೆ ಬರಬೇಕೆಂದಿಲ್ಲವಲ್ಲ.

ಒಂದೇ ಮಳೆಗಾಲ ಸಾಕಾಯಿತು. ಕೊಕ್ಕರೆಯ ಕೊಕ್ಕಿನಿಂದ ಕಂದು ನೀರು ಇಳಿಯತೊಡಗಿತು. ಡಾಕ್ಟರಿಕೆ ಓದುವ ಹುಡುಗರು ಕೈತೊಳೆಯುತ್ತ, "ನಿಮ್ಮ ಹಕ್ಕಿಗೆ ವಾಂತಿ ಶುರುವಾಗಿದೆ ಮಾರಾಯ್ರೆ, ಅಡ್ಮಿಟ್ ಮಾಡಿ" ಎನ್ನುತ್ತಿದ್ದರು. ಅಣ್ಣ ಅವರ ಜೊತೆ ನಗುತ್ತಿದ್ದ. ಹುಣಸೆಹುಳಿ ಹಚ್ಚಿ ಉಜ್ಜುವವಳು ನಾನು. ಉಜ್ಜಿದಷ್ಟೂ ಎನಾಮಲ್ ಏಳುತ್ತಿತ್ತು. ಎಂಬತ್ತರ ದಶಕವಿಡೀ ನಮ್ಮ ಜಗಳ ಅದೊಂದೇ. ಬಿಳಿ ಬಿಲ್ಲೆ ಮಂಗಳೂರಿನಲ್ಲೇ ಸಿಗತೊಡಗಿದ ಮೇಲೂ ಅವನು ಬದಲಿಸಲಿಲ್ಲ. ಅಮ್ಮ ತೀರಿಕೊಂಡ ವರ್ಷ ಮತ್ತೆ ಕೇಳಿದೆ. "ಅದು ಅಮ್ಮನ ಬಟ್ಟಲು" ಎಂದ. ಕತ್ತರಿಸುವಾಗ ಈ ಭಕ್ತಿ ಎಲ್ಲಿತ್ತು ಎಂದರೆ ಎದ್ದು ಕೌಂಟರಿಗೆ ಹೋಗಿ ಕೂತ.

ಈಗ ಹೇಳಲು ನಾನೊಬ್ಬಳೇ. ಗೋಡೆಯನ್ನು ಪೂರಾ ಒಡೆಸಲೆಂದೇ ಮೇಸ್ತ್ರಿಯನ್ನು ಕರೆಸಿದ್ದೆ. ಅವನು ನೀರು ಹಾಕಿ ಒರೆಸಿದಲ್ಲೆಲ್ಲ ನೀಲಿ, ನಿನ್ನೆ ಅಂಟಿಸಿದ ಹಾಗೆ ಹೊಳೆಯಿತು.

"ಗಾಜಿಗೆ ಎಂತದೂ ಆಗಲಿಲ್ಲ ಅಕ್ಕ. ಹಾಳಾದದ್ದು ತಗಡು. ಹಕ್ಕಿಯನ್ನು ಮಾತ್ರ ಕೀಳ್ತೇನೆ, ಆಗದಾ?"

ಆಗಲಿ ಎಂದೆ. ಉಳಿ ತಾಗಿದ್ದೇ ತಗಡು ಪುಡಿಯಾಗಿ ಉದುರಿತು. ಬಿಳಿ ಬಿಲ್ಲೆ ತರುವವರೆಗೆ ಇರಲಿ ಎಂದು ಅವನು ಆ ಹೊಂಡಕ್ಕೆ ಸಿಮೆಂಟು ಮೆತ್ತಿದ. ಮರುದಿನ ಒಣಗಿದ ಮೇಲೆ ನೋಡುತ್ತೇನೆ, ಬೂದುಬಣ್ಣದ ಕೊಕ್ಕರೆ. ನೇತ್ರಾವತಿ ಕಡಲು ಸೇರುವ ಅಳಿವೆಯಲ್ಲಿ ನಿಂತಿರುತ್ತದಲ್ಲ, ಅದೇ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಚಂದ ಕಂಡಿತು.

"ನೋಡು, ಆವಾಗಲೇ ಹೇಳಿರಲಿಲ್ಲವಾ?" ಎಂದು ಗಟ್ಟಿಯಾಗಿಯೇ ಅಂದು ಕೌಂಟರಿನ ಕಡೆ ತಿರುಗಿದೆ. ಅಲ್ಲಿ ಕೂತಿದ್ದ ಅಣ್ಣನ ಮಗ ತಲೆಯೆತ್ತಿದ.

"ಎಂತ ಅತ್ತೆ?"

"ಎಂತ ಇಲ್ಲ. ಬಿಳಿ ಬಿಲ್ಲೆ ಬೇಡ, ಹೀಗೇ ಇರಲಿ."

"ಆಯ್ತು," ಎಂದ ಅವನು. ಆ ಗೋಡೆಯ ಬಗ್ಗೆ ನಾನು ಹೇಳಿದ್ದಕ್ಕೆ ಆಯ್ತು ಎಂದು ಯಾರೂ ಅಂದದ್ದಿಲ್ಲ. ಅಭ್ಯಾಸಬಲದಿಂದ ಕೊಕ್ಕರೆಯ ಕೊಕ್ಕನ್ನು ಸೆರಗಿನಲ್ಲಿ ಒರೆಸಿದೆ, ಒರೆಸಲು ಏನೂ ಇರಲಿಲ್ಲ.